ಭಾನುವಾರದ ತೂಕ

ಜನವರಿ 6

ತಮ್ಮನ ಹೆಂಡತಿಗೆ,

ಇದರ ಜೊತೆ ಒಂದು ಮರದ ಪೆಟ್ಟಿಗೆ ಬರುತ್ತದೆ. ತೆಗೆಯುವಾಗ ಅಲುಗಾಡಿಸಬೇಡ. ಒಳಗಿರುವುದು ಮಗು ತೂಗುವ ತಕ್ಕಡಿ, ಬೆಕ್ಕಿಗೂ ಆಗುತ್ತದೆ. ಮೇಲೆ ಉದ್ದನೆಯ ತಟ್ಟೆ, ಮುಂದೆ ಗಡಿಯಾರದಂಥ ಮುಖ, ಒಂದು ಮುಳ್ಳು. ಒಂದು ಗೆರೆಗೆ ಇಪ್ಪತ್ತು ಗ್ರಾಂ. ನಾನೇ ಪರೀಕ್ಷಿಸಿ ಸೀಸದ ಮುದ್ರೆ ಹಾಕಿದ್ದೇನೆ. ಇಪ್ಪತ್ತೇಳು ವರ್ಷದಿಂದ ತೂಕ-ಅಳತೆ ಕಚೇರಿಯಲ್ಲಿ ಊರಿನ ಅಂಗಡಿಗಳ ತಕ್ಕಡಿಗೆಲ್ಲ ಇದನ್ನೇ ಹಾಕುತ್ತ ಬಂದವಳು ನಾನು. ಮುದ್ರೆ ಒಡೆದರೆ ಆ ತಕ್ಕಡಿಯ ಮಾತನ್ನು ನಂಬುವ ಹಾಗಿಲ್ಲ.

ನಿನ್ನ ಕಾಗದ ಓದಿದೆ. ಸಾಹೇಬನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಮೂರು ದಾಟಿದೆ, ಮೂತ್ರಪಿಂಡ ಸೋಲುತ್ತಿದೆ ಎಂದು ಡಾಕ್ಟರು ಹೇಳಿದರಂತೆ. ಜೊತೆಗೆ, "ಸ್ವಲ್ಪ ಸೊರಗಿದ್ದಾನೆ" ಎಂದು ಬರೆದಿದ್ದೀಯ. ಸ್ವಲ್ಪ ಅಂದರೆ ಎಷ್ಟು? ಸ್ವಲ್ಪ ಅನ್ನುವುದು ಅಳತೆಯಲ್ಲ. ನನ್ನ ತಮ್ಮನ ವಿಷಯದಲ್ಲೂ ನೀನು "ಸ್ವಲ್ಪ ಸುಸ್ತು, ಸ್ವಲ್ಪ ಸುಸ್ತು" ಎಂದು ಎಂಟು ತಿಂಗಳು ಬರೆದೆ. ಆಮೇಲೆ ಒಂದು ದಿನ ಆಸ್ಪತ್ರೆಯಿಂದ ಫೋನ್ ಬಂತು, ಎರಡೂ ಮೂತ್ರಪಿಂಡ ಹೋಗಿವೆ ಎಂದು. ಒಂದೇ ಮನೆಯಲ್ಲಿ ಇದ್ದವಳು ನೀನು. ನಾನು ರೈಲಿನಲ್ಲಿ ಹದಿನಾಲ್ಕು ಗಂಟೆ ದೂರ ಇದ್ದೆ.

ಇರಲಿ. ಇನ್ನು ಮೇಲೆ ಹೀಗೆ ಮಾಡು. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಅವನು ತಿನ್ನುವ ಮೊದಲು ತೂಗು. ನೀರಿನ ಬಟ್ಟಲಿಗೆ ಅಳೆದು ಹಾಕು, ಮರುದಿನ ಉಳಿದದ್ದನ್ನು ಅಳೆದು ಕಳೆ. ಮರಳಿನ ತಟ್ಟೆಯಲ್ಲಿ ಎಷ್ಟು ಒದ್ದೆ ಉಂಡೆ ಎಂದು ಎಣಿಸು. ಕತ್ತಿನ ಹಿಂದಿನ ಚರ್ಮ ಎತ್ತಿ ಬಿಡು. ತಕ್ಷಣ ಕೂತರೆ ಮೈಯಲ್ಲಿ ನೀರಿದೆ, ಗುಡಾರದ ಹಾಗೆ ನಿಂತರೆ ಇಲ್ಲ. ಎಲ್ಲ ಬರೆದು ನನಗೆ ಕಳಿಸು.

ತಮ್ಮ ಆ ಎರಡು ಬೆಕ್ಕಿನ ಮರಿಗಳನ್ನು ರಟ್ಟಿನ ಡಬ್ಬದಲ್ಲಿ ತಂದು ಹದಿನಾಲ್ಕು ವರ್ಷವಾಯಿತು. ದೊಡ್ಡ ಹೊಟ್ಟೆಯವನಿಗೆ ಸಾಹೇಬ, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿದ ಹಾಗೆ ಕರಿ ಗೆರೆ ಇದ್ದವನಿಗೆ ಗುಮಾಸ್ತ ಎಂದು ಹೆಸರಿಟ್ಟ. ಅವನು ಹೋದ ಮೇಲೆ ಒಂದು ನಿನ್ನ ಪಾಲಿಗೆ, ಒಂದು ನನ್ನ ಪಾಲಿಗೆ ಬಂತು. ಗುಮಾಸ್ತನ ರಕ್ತ ಇವತ್ತಿಗೆ ಸರಿಯಿದೆ. ಆದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು, ಸಾಹೇಬನಿಗೆ ಇವತ್ತು ಆದದ್ದು ಇವನಿಗೂ ಆದೀತು ಎನ್ನುತ್ತಾಳೆ ಇಲ್ಲಿನ ಡಾಕ್ಟರಮ್ಮ. ಆದ್ದರಿಂದ ನಿನ್ನ ಅಂಕಿಗಳು ನನಗೆ ಬೇಕು.

ಫೋನ್ ಮಾಡಬೇಡ. ತಮ್ಮನ ಬಟ್ಟೆ ಹಂಚಿದ ದಿನ ನಾವಿಬ್ಬರೂ ಫೋನಿನಲ್ಲಿ ಆಡಿದ್ದು ಸಾಕು. ಕಾಗದದಲ್ಲಾದರೆ ಬರೆದದ್ದು ಬರೆದ ಹಾಗೆ ಇರುತ್ತದೆ.

ಅಕ್ಕ


ಜನವರಿ 19

ಅಕ್ಕನವರಿಗೆ ನಮಸ್ಕಾರ.

ತಕ್ಕಡಿ ಸುರಕ್ಷಿತವಾಗಿ ತಲುಪಿತು. ಅಡುಗೆಮನೆಯ ಕಟ್ಟೆಯ ಮೇಲೆ, ಕಿಟಕಿ ಪಕ್ಕ ಇಟ್ಟಿದ್ದೇನೆ. ಇವತ್ತು ಎಂಟಕ್ಕೆ ತೂಗಿದೆ. 4.12. ಸಾಹೇಬನಿಗೆ ತಟ್ಟೆ ಎಷ್ಟು ಇಷ್ಟವಾಗಿದೆಯೆಂದರೆ ಇಳಿಯಲು ಒಪ್ಪುವುದಿಲ್ಲ, ಆಫೀಸಿನ ಕುರ್ಚಿಯಲ್ಲಿ ಕೂತವರ ಹಾಗೆ ಕೂತು ನನ್ನನ್ನೇ ನೋಡುತ್ತಾನೆ. ನೀರು ದಿನಕ್ಕೆ 260 ಮಿಲಿ. ಒದ್ದೆ ಉಂಡೆ ಐದು. ಚರ್ಮ ಎತ್ತಿದರೆ ನಿಧಾನಕ್ಕೆ ಕೂರುತ್ತದೆ.

ದಿನ ಬಿಟ್ಟು ದಿನ ಚರ್ಮದಡಿ ನೂರು ಮಿಲಿ ಸಲೈನ್ ಕೊಡಬೇಕು ಎಂದಿದ್ದಾರೆ. ಹೇಗೆಂದು ಡಾಕ್ಟರು ತೋರಿಸಿದರು. ಬೆನ್ನಿನ ಚರ್ಮ ಎತ್ತಿ ಸೂಜಿ ಹಾಕಿ ಹತ್ತು ನಿಮಿಷ ಹಿಡಿದಿರಬೇಕು. ಮೊದಲ ಸಲ ಸೂಜಿ ಈ ಕಡೆ ಹೋಗಿ ಆ ಕಡೆ ಬಂತು, ನನ್ನ ಸೀರೆಗೆ ಸಲೈನ್ ಆಯಿತು. ಈಗ ಕೈ ಕೂತಿದೆ. ನಮ್ಮ ಹಲ್ಲಿನ ಲ್ಯಾಬಿನ ಯಜಮಾನರಿಗೆ ಹೇಳಿದರೆ ನಗುತ್ತಾರೆ. "ದಿನಕ್ಕೆ ಎಂಟು ಸೆಟ್ ಹಲ್ಲು ಕಟ್ತೀಯಮ್ಮ, ನಿಮ್ಮನೆ ಬೆಕ್ಕು ಬಾಯಿ ತೆಗೆಯಲ್ವಾ?" ಎನ್ನುತ್ತಾರೆ. ತೆಗೆಯುವುದಿಲ್ಲ. ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಂಡು ಅರ್ಧ ಗಂಟೆಯಾದ ಮೇಲೆ ನನ್ನ ಚಪ್ಪಲಿಯೊಳಗೆ ಉಗುಳುತ್ತಾನೆ.

ನಿಮ್ಮ ತಮ್ಮನ ವಿಷಯ ಬರೆದಿದ್ದೀರಿ. ಅದಕ್ಕೆ ನಾನು ಏನೂ ಬರೆಯುವುದಿಲ್ಲ ಅಕ್ಕ. ಪ್ರತಿ ಭಾನುವಾರ ತಪ್ಪದೆ ತೂಗುತ್ತೇನೆ.

ಗುಮಾಸ್ತನನ್ನು ಕೇಳಿದೆ ಎಂದು ಹೇಳಿ.

ನಿಮ್ಮ ತಮ್ಮನ ಹೆಂಡತಿ


ಮಾರ್ಚ್ 7

ತಮ್ಮನ ಹೆಂಡತಿಗೆ,

ಗುಮಾಸ್ತನ ರಕ್ತದ ವರದಿ ಬಂತು. ಕ್ರಿಯಾಟಿನಿನ್ 2.6. ನಾನು ಹೆದರಿದ್ದೇ ಆಯಿತು. ಇವನಿಗೂ ಸಲೈನ್ ಶುರು. ಡಾಕ್ಟರಮ್ಮ ಪ್ರಕಾರ ಸರಿಯಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಎಳೆಯಬಹುದು. ಸರಿಯಾಗಿ ಎಂಬ ಮಾತಿನ ಕೆಳಗೆ ನಾನು ಗೆರೆ ಹಾಕಿಕೊಂಡಿದ್ದೇನೆ.

ಈಗ ನಿನ್ನದು. ಜನವರಿಯಲ್ಲಿ 4.12 ಇದ್ದದ್ದು ಫೆಬ್ರವರಿ 23ಕ್ಕೆ 3.66. ಐದು ವಾರಕ್ಕೆ ಸುಮಾರು ಅರ್ಧ ಕಿಲೋ. ನೀನು ಲ್ಯಾಬಿನಲ್ಲಿ ಮೇಣ ಕೆತ್ತುತ್ತ ಕೂತಾಗ ಅವನು ಮನೆಯಲ್ಲಿ ಕರಗುತ್ತಿದ್ದಾನೆ. ರಜೆ ಹಾಕು. ಬೇರೆ ಡಾಕ್ಟರಿಗೆ ತೋರಿಸು. ಏನಾದರೂ ಮಾಡು. ತಮ್ಮನನ್ನು ನೋಡಿಕೊಂಡ ಹಾಗೆ ಇವನನ್ನೂ ನೋಡಿಕೊಳ್ಳಬೇಡ.

ಮುಖಕ್ಕೆ ಹೊಡೆದ ಹಾಗೆ ಬರೆಯುತ್ತೇನೆಂದು ನಿನಗೆ ಅನಿಸಬಹುದು. ಅನಿಸಲಿ. ಸಾಹೇಬನಿಗೆ ಏನಾದರೂ ಆದರೆ, ನಿನ್ನ ಕೈಯಲ್ಲಿ ಹೋದದ್ದು ಇದು ಎರಡನೆಯದು ಎಂದು ನಾನು ಲೆಕ್ಕ ಹಿಡಿಯುತ್ತೇನೆ.

ಅಕ್ಕ


ಮಾರ್ಚ್ 9

ಅಕ್ಕ,

ಸಾಹೇಬ ಇವತ್ತು ಬೆಳಿಗ್ಗೆ ಹೋದ.

ಎಂಟಕ್ಕೆ ತೂಗಲು ಎತ್ತಿಕೊಂಡೆ. 3.10. ತಟ್ಟೆಯ ಮೇಲೆಯೇ ಮಲಗಿದ, ಯಾವತ್ತಿನ ಹಾಗೆ ತಲೆ ಎತ್ತಲಿಲ್ಲ. ಮೂರು ದಿನದಿಂದ ಏನೂ ತಿಂದಿರಲಿಲ್ಲ. ನಾಲಿಗೆಯ ಅಂಚಿಗೆ ಹುಣ್ಣಾಗಿತ್ತು. ಡಾಕ್ಟರಿಗೆ ಫೋನ್ ಮಾಡಿದೆ, ಕರೆದುಕೊಂಡು ಬನ್ನಿ ಎಂದರು. ಬುಟ್ಟಿಗೆ ಟವಲ್ ಹಾಸಿ ಬರುವಷ್ಟರಲ್ಲಿ ಮುಗಿದಿತ್ತು. ಮುಳ್ಳು ಮಾತ್ರ ಹಾಗೆಯೇ ನಿಂತಿತ್ತು, 3.10ರಲ್ಲಿ.

ಒಂದು ದಿನವೂ ಸಲೈನ್ ತಪ್ಪಿಸಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ. ಶುಕ್ರವಾರ ರಜೆ ಹಾಕಿದ್ದೆ. ಬೇರೆ ಡಾಕ್ಟರಿಗೂ ತೋರಿಸಿದೆ, ಅವರೂ ಇದನ್ನೇ ಹೇಳಿದರು, ಇವನ ಕಾಯಿಲೆ ಬೇಗ ಬೆಳೆಯುವ ಥರದ್ದು ಎಂದು.

ಅಚ್ಚು ತೆಗೆಯುವ ಹಿಟ್ಟು ಮನೆಯಲ್ಲಿತ್ತು. ಕಲಸಿ ಅವನ ಮುಂದಿನ ಬಲಗಾಲನ್ನು ಒತ್ತಿ ಅಚ್ಚು ತೆಗೆದೆ. ಆ ಪಾದದಲ್ಲಿ ಒಂದು ಬೆರಳು ಸೊಟ್ಟ ಇತ್ತಲ್ಲ, ಅದು ಚೆನ್ನಾಗಿ ಬಂದಿದೆ. ಆಮೇಲೆ ಕಟ್ಟಡದ ಹಿಂದಿನ ಗೋಡೆ ಪಕ್ಕ ಹೂತೆ. ಕೆಳಮನೆಯವರು ಗುದ್ದಲಿ ಕೊಟ್ಟರು.

ಅಚ್ಚನ್ನು ನಿಮಗೆ ಕಳಿಸಬೇಕೆಂದಿದ್ದೇನೆ.

ಮಾರ್ಚ್ 11. ಮೇಲಿನದನ್ನು ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿದ್ದೆ. ಬಾಗಿಲಲ್ಲೇ ನಿಮ್ಮ ಏಳನೇ ತಾರೀಖಿನ ಕಾಗದ ಸಿಕ್ಕಿತು. ನಿಂತಲ್ಲೇ ಓದಿದೆ. ಚಪ್ಪಲಿ ಬಿಚ್ಚಿ ಒಳಗೆ ಬಂದೆ. ಇದನ್ನು ಕಳಿಸುವುದಿಲ್ಲ. ನನ್ನಿಂದ ಆಗುವುದಿಲ್ಲ.


ಮಾರ್ಚ್ 16

ಅಕ್ಕನವರಿಗೆ ನಮಸ್ಕಾರ.

ಸಾಹೇಬ ಚೇತರಿಸಿಕೊಂಡಿದ್ದಾನೆ. ಇವತ್ತಿನ ತೂಕ 3.70. ತಿನ್ನುತ್ತಿದ್ದಾನೆ.

ಕೆಲಸ ಬಹಳ. ಹೆಚ್ಚು ಬರೆಯಲು ಆಗುತ್ತಿಲ್ಲ, ಕ್ಷಮಿಸಿ.

ನಿಮ್ಮ ತಮ್ಮನ ಹೆಂಡತಿ


ಏಪ್ರಿಲ್ 29

ತಮ್ಮನ ಹೆಂಡತಿಗೆ,

ನಿನ್ನ ವಾರ ವಾರದ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. 3.70, 3.72, 3.74, 3.76, 3.78, 3.80. ಆರು ಭಾನುವಾರ, ಪ್ರತಿ ಭಾನುವಾರಕ್ಕೆ ಒಂದೇ ಗೆರೆ. ಬದುಕಿರುವ ಪ್ರಾಣಿ ಹೀಗೆ ಏರುವುದಿಲ್ಲ. ಒಂದು ವಾರ ಏರುತ್ತದೆ, ಒಂದು ವಾರ ಇಳಿಯುತ್ತದೆ, ತೂಗುವ ಮೊದಲು ಉಚ್ಚೆ ಹೊಯ್ದರೆ ಅದೇ ಎರಡು ಗೆರೆ ಕಮ್ಮಿ. ಇಂಥದ್ದನ್ನು ನಾನು ಅಂಗಡಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಒಳಗಿನ ಸ್ಪ್ರಿಂಗ್ ಬಿಗಿದಿದೆ. ದಾರಿಯಲ್ಲಿ ಅಂಚೆಯವರು ಎತ್ತಿ ಹಾಕಿರಬೇಕು. ಒಡೆಯದ ಒಂದು ಕಿಲೋ ಸಕ್ಕರೆ ಪೊಟ್ಟಣ ತಂದು ಇಟ್ಟು ನೋಡು. ಮುಳ್ಳು ಎಲ್ಲಿ ನಿಲ್ಲುತ್ತದೆ ಬರೆ. ಸರಿಯಿಲ್ಲದಿದ್ದರೆ ಕಳಿಸು, ರಿಪೇರಿ ಮಾಡಿಸುತ್ತೇನೆ.

ಗುಮಾಸ್ತ 3.94. ಅವನದು ಸರಿಯಿದೆ, ಸರಿಯಿಲ್ಲದ್ದು ನನ್ನದು. ಸೂಜಿ ಕಂಡರೆ ಸಾಕು, ಬೀರುವಿನ ಮೇಲಿನಿಂದ ಇಳಿಯುವುದಿಲ್ಲ. ಸ್ಟೂಲ್ ಹಾಕಿ ಹತ್ತಿ ಹಿಡಿಯುವ ಹೊತ್ತಿಗೆ ನನಗೇ ಸಲೈನ್ ಬೇಕಾಗುತ್ತದೆ. ಎರಡೂ ಮುಂಗೈ ಗೀಚಿಹೋಗಿವೆ. ಮೊನ್ನೆ ಒಂದು ಅಂಗಡಿಯಲ್ಲಿ ತಕ್ಕಡಿ ನೋಡುತ್ತಿದ್ದಾಗ ಅಂಗಡಿಯವನು, "ಮೇಡಂ, ಯಾರ ಜೊತೆ ಜಗಳ ಆಯ್ತು?" ಎಂದು ಕೇಳಿದ. ಅವನ ತೂಕದ ಬಟ್ಟಿನಲ್ಲಿ ಐದು ಗ್ರಾಂ ಕಮ್ಮಿ ಇತ್ತು. ಕೇಸು ಹಾಕಿದೆ.

ಮೊದಲೆಲ್ಲ ಸಂಜೆ ನಾನು ಬಾಗಿಲು ತೆಗೆದರೆ ಕಾಲಿಗೆ ಸುತ್ತಿಕೊಳ್ಳುತ್ತಿದ್ದ. ಈಗ ನನ್ನ ಹೆಜ್ಜೆ ಸದ್ದಿಗೇ ಓಡುತ್ತಾನೆ. ಮನೆಯಲ್ಲಿ ಇರುವವರು ನಾವಿಬ್ಬರೇ, ಅವನೂ ಹೀಗೆ ಮಾಡಿದರೆ ಹೇಗೆ.

ಸಾಹೇಬನಿಗೆ ಈಗ ಎಷ್ಟು ಮಿಲಿ ಕೊಡುತ್ತಿದ್ದೀಯ? ವಾರಕ್ಕೆ ಎಷ್ಟು ಸಲ? ಸೂಜಿ ಯಾವ ನಂಬರಿನದು? ಅವನು ಹೇಗೆ ಸುಮ್ಮನೆ ಕೂರುತ್ತಾನೆ? ವಿವರವಾಗಿ ಬರೆ.

ಅಕ್ಕ


ಮೇ 5

ಅಕ್ಕನವರಿಗೆ ನಮಸ್ಕಾರ.

ಸಕ್ಕರೆ ಇಟ್ಟು ನೋಡಿದೆ. ಮುಳ್ಳು ಸರಿಯಾಗಿ ಒಂದು ಕಿಲೋದಲ್ಲೇ ನಿಂತಿತು. ತಕ್ಕಡಿ ಕಳಿಸುವ ಅಗತ್ಯವಿಲ್ಲ. ಬಹುಶಃ ನಾನೇ ಗೆರೆ ಓದಿದ್ದು ತಪ್ಪಿರಬೇಕು, ಕನ್ನಡಕ ಬದಲಾಯಿಸಬೇಕಾಗಿದೆ. ನಿನ್ನೆಯ ತೂಕ 3.76. ಎರಡು ಸಲ ನೋಡಿದೆ.

ಸೂಜಿಯ ವಿಷಯ ಕೇಳಿದ್ದೀರಿ. ನಾನು ಸೂಜಿ ನಿಲ್ಲಿಸಿದ್ದೇನೆ ಅಕ್ಕ, ಏಪ್ರಿಲ್ ಮೊದಲ ವಾರದಿಂದ. ಅವನಿಗೂ ಹಿಂಸೆ, ನನಗೂ ಹಿಂಸೆ. ತಿನ್ನುವುದಕ್ಕೇ ನೀರು ಬೆರೆಸಿ ಕೊಡುತ್ತೇನೆ. ಈಗ ಆರಾಮಾಗಿದ್ದಾನೆ, ಯಾವ ತೊಂದರೆಯೂ ಇಲ್ಲ.

ನಿಮ್ಮ ಕೈ ಜೋಪಾನ. ಗೀಚಿದ ಕಡೆ ಸೋಪು ಹಾಕಿ ತೊಳೆದುಕೊಳ್ಳಿ.

ನಿಮ್ಮ ತಮ್ಮನ ಹೆಂಡತಿ


ಮೇ 19

ಹುಡುಗಿ,

ಮದುವೆಯಾಗಿ ಬಂದ ಹೊಸದರಲ್ಲಿ ನಿನ್ನನ್ನು ಹೀಗೆ ಕರೆಯುತ್ತಿದ್ದೆ, ನಿನಗೆ ನೆನಪಿದೆಯೋ ಇಲ್ಲವೋ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಆಮೇಲೆ ನಿನ್ನ ಅಂಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಡಾಕ್ಟರಮ್ಮನ ಮುಂದೆ ಇಟ್ಟೆ. ಸೂಜಿ ನಿಲ್ಲಿಸಿದ ಮೇಲೂ ತೂಕ ನಿಂತಿದೆ ನೋಡಿ ಎಂದೆ. ಅವಳು ಒಪ್ಪಲಿಲ್ಲ. "ಆ ಬೆಕ್ಕನ್ನ ನಾನು ನೋಡಿಲ್ಲ ಮೇಡಂ, ನಿಮ್ಮ ಬೆಕ್ಕಿಗೆ ಸಲೈನ್ ನಿಲ್ಲಿಸಬೇಡಿ" ಎಂದಳು. ನಾನು ಹೇಳಿದೆ, "ಅದು ಇವನ ಒಡಹುಟ್ಟಿದ್ದು. ತೂಗಿದ್ದು ನಾನು ಮುದ್ರೆ ಹಾಕಿದ ತಕ್ಕಡಿಯಲ್ಲಿ."

ಹನ್ನೆರಡನೇ ತಾರೀಖಿನಿಂದ ನಿಲ್ಲಿಸಿದ್ದೇನೆ. ಸೂಜಿ, ನಳಿಕೆ, ಚೀಲ ಎಲ್ಲ ಪೆಟ್ಟಿಗೆಯಲ್ಲಿ ಹಾಕಿ ಅಟ್ಟಕ್ಕೆ ಸೇರಿಸಿದೆ. ಮೂರು ದಿನ ಅವನು ನಂಬಲಿಲ್ಲ. ನಾಲ್ಕನೇ ದಿನ ಬೀರುವಿನಿಂದ ಇಳಿದ. ನಿನ್ನೆ ಸಂಜೆ ನಾನು ಚಪ್ಪಲಿ ಬಿಡುವಾಗ ಬಂದು ಕಾಲಿಗೆ ತಲೆ ಒರೆಸಿದ. ಬಾಗಿಲು ಹಾಕುವುದನ್ನೂ ಮರೆತು ಅಲ್ಲೇ ಕೂತುಬಿಟ್ಟೆ.

ನಾನು ನಿನಗೆ ಒಳ್ಳೆಯ ಮಾತು ಬರೆದದ್ದು ಕಡಿಮೆ. ಈಗ ಬರೆಯುತ್ತೇನೆ. ನೀನು ಸರಿಯಾಗಿ ನೋಡಿಕೊಂಡಿದ್ದೀಯ. ಸಾಹೇಬ ನಿನ್ನ ಕೈಯಲ್ಲಿ ಉಳಿದ.

ಅಕ್ಕ


ಮೇ 27

ಅಕ್ಕ,

ನಿಮ್ಮ ಕಾಗದ ಓದಿದ ದಿನ ಲ್ಯಾಬಿನಲ್ಲಿ ಮೇಲಿನ ಸೆಟ್ಟಿಗೆ ಕೆಳಗಿನ ಹಲ್ಲು ಕೂರಿಸಿಬಿಟ್ಟೆ, ಯಜಮಾನರ ಕೈಲಿ ಬೈಸಿಕೊಂಡೆ.

ಗುಮಾಸ್ತನಿಗೆ ಸಲೈನ್ ನಿಲ್ಲಿಸಬೇಡಿ. ಒಂದು ಬೆಕ್ಕಿನ ಹಾಗೆ ಇನ್ನೊಂದು ಇರುವುದಿಲ್ಲ. ನಿಮ್ಮ ಡಾಕ್ಟರಮ್ಮ ಹೇಳಿದ್ದು ಸರಿ. ಸಾಹೇಬನನ್ನು ನೋಡಿಕೊಂಡು ಗುಮಾಸ್ತನಿಗೆ ಏನೂ ಮಾಡಬೇಡಿ. ಅಟ್ಟದಿಂದ ಆ ಪೆಟ್ಟಿಗೆ ಇಳಿಸಿ, ಅವನು ಗೀಚಿದರೆ ಗೀಚಲಿ. ಟವಲ್ಲಿನಲ್ಲಿ ತಲೆ ಹೊರಗೆ ಬಿಟ್ಟು ಬಿಗಿಯಾಗಿ ಸುತ್ತಿದರೆ ಸುಮ್ಮನಿರುತ್ತಾನೆ. ಸಲೈನ್ ಚೀಲವನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು ಬೆಚ್ಚಗೆ ಮಾಡಿ, ಆಗ ನೋವು ಕಡಿಮೆ.

ಸಾಹೇಬನ ಮಾತು ಬಿಡಿ. ನನ್ನ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಿಮ್ಮನ್ನು ಬೇಡಿಕೊಳ್ಳುತ್ತೇನೆ.

ನಿಮ್ಮ ಹುಡುಗಿ


ಜೂನ್ 9

ತಮ್ಮನ ಹೆಂಡತಿಗೆ,

ನಿನ್ನ ಬುದ್ಧಿ ಎಲ್ಲಿ ಹೋಗುತ್ತದೆ ಎಂದು ನನಗೆ ಗೊತ್ತಾಗಬೇಕಿತ್ತು. ನಾನು ಒಂದು ಮಾತು ಹೊಗಳಿದ್ದೇ ತಡ, ನೀನು ಹಿಂದೆ ಸರಿದೆ. ನಿನ್ನ ಬೆಕ್ಕು ಸೂಜಿಯಿಲ್ಲದೆ ಬದುಕಬಹುದು, ನನ್ನ ಬೆಕ್ಕು ಬದುಕಬಾರದು. ನಿನ್ನ ಮನೆಯದು ಯಾವುದೂ ನನ್ನ ಉಪಯೋಗಕ್ಕೆ ಬರಬಾರದು, ಅಷ್ಟೇ ತಾನೆ? ತಮ್ಮ ಇದ್ದಾಗಲೂ ಹೀಗೆಯೇ ಇದ್ದೆ. ನಾನು ಬರುತ್ತೇನೆ ಎಂದರೆ "ಈಗ ಬೇಡ ಅಕ್ಕ, ಮುಂದಿನ ತಿಂಗಳು ಬನ್ನಿ" ಎನ್ನುತ್ತಿದ್ದೆ. ಕೊನೆಯ ವರ್ಷ ಆರು ಸಲ ಹಾಗಂದೆ. ನಾನು ಎಣಿಸಿದ್ದೇನೆ.

ಗುಮಾಸ್ತ 3.88. ತಿನ್ನುತ್ತಾನೆ, ಆಡುತ್ತಾನೆ, ನನ್ನ ಹಾಸಿಗೆಯ ಮೇಲೆ ಮಲಗುತ್ತಾನೆ. ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ನನಗೇ ಹೇಳುತ್ತೀಯಲ್ಲ, ಅಂಕಿ ಬಿಟ್ಟು ನನಗೆ ಇನ್ನೇನು ಗೊತ್ತು?

ಅಕ್ಕ


ಜೂನ್ 17

ಅಕ್ಕ,

ನಿಮಗೆ ಒಂದು ವಿಷಯ ಹೇಳಬೇಕು. ಕಾಗದದಲ್ಲಿ ಬರೆಯಲು ನನಗೆ ಆಗುತ್ತಿಲ್ಲ. ಶನಿವಾರದಿಂದ ನಾಲ್ಕು ಸಲ ಫೋನ್ ಮಾಡಿದೆ, ನೀವು ಕಟ್ ಮಾಡಿದಿರಿ. ದಯವಿಟ್ಟು ಒಂದು ಸಲ ಎತ್ತಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.

ಅಲ್ಲಿಯವರೆಗೆ ಸೂಜಿ ಶುರು ಮಾಡಿ.

ನಿಮ್ಮ ತಮ್ಮನ ಹೆಂಡತಿ


ಆಗಸ್ಟ್ 22

ತಮ್ಮನ ಹೆಂಡತಿಗೆ,

ಜೂನ್ ಮಧ್ಯದಿಂದ ನಿನ್ನಿಂದ ಕಾಗದ ಬಂದಿಲ್ಲ. ಮುನಿಸಿಕೊಂಡಿದ್ದೀಯ ಎಂದುಕೊಂಡೆ. ನಾನೂ ಬರೆಯಲಿಲ್ಲ. ಈಗ ಮುನಿಸು ಪಕ್ಕಕ್ಕಿಡು.

ಗುಮಾಸ್ತ ಜುಲೈಯಲ್ಲಿ 3.60 ಇದ್ದ. ಮಳೆಗಾಲಕ್ಕೆ ಸೊರಗಿದ್ದಾನೆ, ಸಾಹೇಬನೂ ಒಮ್ಮೆ ಹೀಗೇ ಇಳಿದು ಮತ್ತೆ ಏರಿದನಲ್ಲ ಎಂದು ಕಾದೆ. ಆಗಸ್ಟ್ ಮೂರಕ್ಕೆ 3.32. ಹದಿನೇಳಕ್ಕೆ 2.94. ಚರ್ಮ ಎತ್ತಿದರೆ ಎತ್ತಿದ ಹಾಗೇ ನಿಲ್ಲುತ್ತದೆ. ಬಾಯಿ ವಾಸನೆ. ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂರುತ್ತಾನೆ, ಕುಡಿಯುವುದಿಲ್ಲ. ಮೊನ್ನೆ ರಕ್ತ ತೆಗೆಸಿದೆ. 7.8.

ಡಾಕ್ಟರಮ್ಮ ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಲೈನ್ ಮತ್ತೆ ಶುರು ಮಾಡಿದ್ದಾಳೆ, ದಿನಕ್ಕೆ ಎರಡು ಸಲ. ಈಗ ಸೂಜಿ ಹಾಕಿದರೆ ಗೀಚುವುದಿಲ್ಲ. ಸುಮ್ಮನೆ ಹಾಕಿಸಿಕೊಳ್ಳುತ್ತಾನೆ.

ಒಂದೇ ಹೊಟ್ಟೆ, ಒಂದೇ ರೋಗ, ನೀನು ಮಾಡಿದ್ದನ್ನೇ ಮಾಡಿದ್ದೇನೆ. ನೀನು ಎಷ್ಟು ನೀರು ಬೆರೆಸುತ್ತಿದ್ದೆ? ಯಾವ ಆಹಾರ? ನಾನು ಎಲ್ಲಿ ತಪ್ಪಿದೆ? ನನಗೆ ಸಾಹೇಬನನ್ನು ಕಣ್ಣಾರೆ ನೋಡಬೇಕು. ಅವನ ರಕ್ತದ ವರದಿ ಡಾಕ್ಟರಮ್ಮನಿಗೆ ತೋರಿಸಬೇಕು. ಮೂವತ್ತನೇ ತಾರೀಖಿನ ರೈಲಿಗೆ ಟಿಕೆಟ್ ಮಾಡಿಸುತ್ತಿದ್ದೇನೆ. ಈ ಸಲ ಮುಂದಿನ ತಿಂಗಳು ಬನ್ನಿ ಎನ್ನಬೇಡ.

ಅಕ್ಕ


ಆಗಸ್ಟ್ 25

ಅಕ್ಕ,

ಬರಬೇಡಿ. ಇಲ್ಲಿ ನೋಡಲು ಯಾರೂ ಇಲ್ಲ.

ಸಾಹೇಬ ಮಾರ್ಚ್ 9ರಂದು ಸತ್ತ. ಅವತ್ತೇ ನಿಮಗೆ ಬರೆದಿದ್ದೆ. ಆ ಕಾಗದ ಇದರ ಜೊತೆ ಇದೆ, ಹನ್ನೊಂದರ ಸಾಲುಗಳೂ ಇವೆ. ಓದಿ. ಮಾರ್ಚ್ 16ರಿಂದ ಬರೆದ ತೂಕವೆಲ್ಲ ನಾನೇ ಹುಟ್ಟಿಸಿದ್ದು. ಖಾಲಿ ತಕ್ಕಡಿಯ ಮುಂದೆ ಕೂತು ಬರೆದೆ. ಭಾನುವಾರ ಎಂಟಕ್ಕೇ ಬರೆಯುತ್ತಿದ್ದೆ, ಯಾಕೋ ಗೊತ್ತಿಲ್ಲ. ಒಂದೊಂದೇ ಗೆರೆ ಏರಿಸಿದ್ದು ನೀವು ಹಿಡಿದಿರಿ. ಹಿಡಿದವರು ತಪ್ಪನ್ನು ಸ್ಪ್ರಿಂಗ್ ಮೇಲೆ ಹಾಕಿದಿರಿ. ಅವತ್ತು ನನ್ನ ಮೇಲೆ ಹಾಕಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೇನೋ.

ಸೂಜಿ ನಿಲ್ಲಿಸಿದ್ದೇನೆ ಎಂದದ್ದು, ನೀವು ಮಿಲಿ, ನಂಬರು, ವಿವರ ಎಲ್ಲ ಕೇಳಿದ್ದಕ್ಕೆ. ಇಲ್ಲದ ಬೆಕ್ಕಿಗೆ ಸೂಜಿ ಹಾಕುವುದನ್ನು ವಾರ ವಾರ ಬರೆಯಲು ನನಗೆ ಕೈ ಬರಲಿಲ್ಲ. ಅದೊಂದನ್ನಾದರೂ ತಪ್ಪಿಸಿಕೊಳ್ಳೋಣ ಎಂದುಕೊಂಡೆ. ನೀವು ಅದನ್ನೇ ಹಿಡಿಯುತ್ತೀರಿ ಎಂದು ನನಗೆ ಹೊಳೆಯಲಿಲ್ಲ. ಹೊಳೆದ ಮೇಲೂ, ಮೇ ತಿಂಗಳಲ್ಲಿ, ಒಂದು ಸಾಲು ಬರೆದಿದ್ದರೆ ಸಾಕಿತ್ತು. "ನೀನು ಸರಿಯಾಗಿ ನೋಡಿಕೊಂಡಿದ್ದೀಯ" ಎಂದು ನೀವು ಬರೆದ ಕಾಗದ ದಿಂಬಿನ ಕೆಳಗೆ ಇತ್ತು. ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಜೂನಿನಲ್ಲಿ ನೀವು ಫೋನ್ ಎತ್ತದಿದ್ದಾಗ ಅದನ್ನೇ ನೆಪ ಮಾಡಿಕೊಂಡೆ.

ಕ್ಷಮಿಸಿ ಎಂದು ಬರೆಯುವುದಿಲ್ಲ. ಗುಮಾಸ್ತನಿಗೆ ಬೆಚ್ಚಗಿನ ಸಲೈನ್ ಕೊಡಿ.


ಸೆಪ್ಟೆಂಬರ್ 2

ತಕ್ಕಡಿ ಕಳಿಸು.


ಸೆಪ್ಟೆಂಬರ್ 8

ಅಕ್ಕ,

ತಕ್ಕಡಿಯನ್ನು ಅದೇ ಮರದ ಪೆಟ್ಟಿಗೆಯಲ್ಲಿ, ಅದೇ ಹುಲ್ಲು ತುಂಬಿ ಕಳಿಸಿದ್ದೇನೆ. ಮುದ್ರೆ ಹಾಗೆಯೇ ಇದೆ. ಜೊತೆಗೆ ಸಾಹೇಬನ ಪಾದದ ಅಚ್ಚು ಇದೆ. ಅದು ಮೊದಲೇ ನಿಮಗೆ ಸೇರಬೇಕಿತ್ತು.

ಇನ್ನು ನೀವು ನನಗೆ ಬರೆಯುವುದಿಲ್ಲ ಎಂದು ಗೊತ್ತು. ಆದ್ದರಿಂದ ಎರಡೂವರೆ ವರ್ಷ ನುಂಗಿಕೊಂಡದ್ದನ್ನು ಬರೆದುಬಿಡುತ್ತೇನೆ. ನಾನು ಒಂದು ಸುಳ್ಳು ಹೇಳಿದವಳು, ಇದನ್ನೂ ನಂಬಲಿಕ್ಕಿಲ್ಲ. ಆದರೂ ಬರೆಯುತ್ತೇನೆ.

ನಿಮ್ಮ ತಮ್ಮನ ಕಾಯಿಲೆ ನನಗೆ ಗೊತ್ತಾಗಲಿಲ್ಲ ಎಂದು ನೀವು ನೆಂಟರ ಮುಂದೆ ಹೇಳಿದಿರಿ. ನನಗೆ ಗೊತ್ತಿತ್ತು. ಮೊದಲ ವರದಿ ಬಂದ ದಿನದಿಂದ ಗೊತ್ತಿತ್ತು. ಪಾದ ಊದಿದ್ದು ನಾನು ನೋಡಿದೆ, ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದು ನಾನು, ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಿಷನ್ನಿಗೆ ಕರೆದುಕೊಂಡು ಹೋಗಿ ನಾಲ್ಕು ಗಂಟೆ ಹೊರಗೆ ಕೂತದ್ದು ನಾನು. ಅಕ್ಕನಿಗೆ ಹೇಳೋಣ ಎಂದು ಎಷ್ಟು ಸಲ ಕೇಳಿದೆ. ಅವರು ಬಿಡಲಿಲ್ಲ. ನಿಮ್ಮನ್ನು "ಮುಂದಿನ ತಿಂಗಳು ಬನ್ನಿ" ಎಂದು ತಡೆಸಿದವರೂ ಅವರೇ, ಫೋನ್ ಹಿಡಿದವಳು ಮಾತ್ರ ನಾನು. ಅವರು ಏನೆಂದರು ಗೊತ್ತೇ? "ಅಕ್ಕನಿಗೆ ಹೇಳಬೇಡ ಕಣೆ. ಗೊತ್ತಾದ್ರೆ ಬಂದು ನನ್ನನ್ನ ತೂಗೋಕೆ ಶುರು ಮಾಡ್ತಾಳೆ." ನಗುತ್ತಲೇ ಹೇಳಿದರು. ಆಮೇಲೆ ಅಳತೊಡಗಿದರು. ನಿಮ್ಮ ಕಣ್ಣಿಗೆ ಕಮ್ಮಿಯಾಗಿ ಕಾಣುವುದು ಅವರಿಗೆ ಬೇಡವಾಗಿತ್ತು.

ನನ್ನ ಕೈಯಲ್ಲಿ ಹೋದದ್ದು ಎರಡನೆಯದು ಎಂದು ನೀವು ಬರೆದಿರಿ. ಮೊದಲನೆಯದನ್ನು ನಾನು ಕೈಬಿಟ್ಟವಳಲ್ಲ. ಎರಡನೆಯದನ್ನೂ ಅಲ್ಲ. ನನ್ನ ಕೈಯಿಂದ ಹೋಗುತ್ತಿರುವುದು ಗುಮಾಸ್ತ ಒಬ್ಬನೇ, ಅವನು ಇರುವುದು ನಿಮ್ಮ ಮನೆಯಲ್ಲಿ.


ಸೆಪ್ಟೆಂಬರ್ 29

ತಮ್ಮನ ಹೆಂಡತಿಗೆ,

ತಕ್ಕಡಿ ತಲುಪಿತು. ಕಚೇರಿಯ ಬಟ್ಟುಗಳನ್ನಿಟ್ಟು ಅರ್ಧ ಕಿಲೋದಿಂದ ಐದು ಕಿಲೋವರೆಗೆ ಹತ್ತು ಕಡೆ ಪರೀಕ್ಷಿಸಿದೆ. ಸ್ಪ್ರಿಂಗ್ ಬಿಗಿದಿಲ್ಲ. ಮುಳ್ಳು ಸರಿಯಿದೆ. ತಕ್ಕಡಿಯಲ್ಲಿ ಯಾವ ದೋಷವೂ ಇಲ್ಲ.

ಗುಮಾಸ್ತ ಸೆಪ್ಟೆಂಬರ್ 11ರಂದು ಹೋದ. ಕೊನೆಯ ತೂಕ 2.36. ಸಲೈನ್ ಬೆಚ್ಚಗೆ ಮಾಡಿಯೇ ಕೊಟ್ಟೆ. ನೀನು ಹೇಳಿದ್ದು ಸರಿ, ಅದರಿಂದ ನೋವು ಕಡಿಮೆ. ಏಪ್ರಿಲ್‌ನಲ್ಲೇ ಯಾರಾದರೂ ಹೇಳಿದ್ದರೆ ಅವನು ಬೀರು ಹತ್ತುತ್ತಿರಲಿಲ್ಲವೇನೋ. ಡಾಕ್ಟರಮ್ಮ ಎರಡು ಮೂರು ವರ್ಷ ಎಂದಿದ್ದಳು. ಆರು ತಿಂಗಳು ಸಿಕ್ಕಿತು.

ಪಾದದ ಅಚ್ಚನ್ನು ತಕ್ಕಡಿಯ ಮೇಲಿಟ್ಟೆ. ನೂರ ನಲವತ್ತು ಗ್ರಾಂ. ಅದನ್ನು ವಾಪಸ್ ಕಳಿಸುವುದಿಲ್ಲ.

ನಮ್ಮ ಕಚೇರಿಯಲ್ಲಿ ಒಂದು ನಿಯಮವಿದೆ. ಒಬ್ಬ ಅಂಗಡಿಯವನ ತೂಕ ತಪ್ಪಿದರೆ ಅವನಿಗೆ ಕೇಸು. ಇಬ್ಬರದು ಒಂದೇ ಥರ ತಪ್ಪಿದರೆ ಅವರನ್ನು ಬಿಟ್ಟು ಮೊದಲು ನಮ್ಮದೇ ಬಟ್ಟನ್ನು ಪರೀಕ್ಷೆಗೆ ಕಳಿಸಬೇಕು. ಹೊಸದಾಗಿ ಸೇರಿದವರಿಗೆಲ್ಲ ನಾನೇ ಇದನ್ನು ಪಾಠ ಹೇಳುತ್ತೇನೆ. ನಿನ್ನ ಕಾಗದ ಬಂದ ಮೇಲೆ ಎರಡು ವಾರ ಅದನ್ನೇ ಯೋಚಿಸಿದೆ. ತಮ್ಮ ನನಗೆ ಸುಳ್ಳು ಹೇಳಿದ, ನೀನೂ ಹೇಳಿದೆ. ನನ್ನನ್ನು ಪರೀಕ್ಷೆಗೆ ಕಳಿಸಲು ಕಚೇರಿ ಇಲ್ಲ.

ಅವನು ಹಾಗೆಂದ ಎಂದು ಬರೆದಿದ್ದೀಯ, ಅಕ್ಕ ತೂಗಲು ಶುರು ಮಾಡುತ್ತಾಳೆ ಎಂದು. ಹೌದು, ತೂಗುತ್ತಿದ್ದೆ. ಪ್ರತಿ ಭಾನುವಾರ ತೂಗುತ್ತಿದ್ದೆ. ಚಿಕ್ಕವನಿದ್ದಾಗ ಸೊಂಟದ ಮೇಲೆ ಹೊತ್ತುಕೊಂಡೇ ಎಷ್ಟು ಕಮ್ಮಿಯಾದ, ಎಷ್ಟು ಹೆಚ್ಚಾದ ಎಂದು ಹೇಳುತ್ತಿದ್ದೆ ನಾನು. ಒಂದು ಸಲ ಬಂದು ಅವನ ಪಕ್ಕ ಕೂರಲು ನನಗೆ ಬಿಡಬೇಕಿತ್ತು.

ಇನ್ನು ಕಾಗದ ಬರೆಯಬೇಡ. ಬರೆದರೆ ಓದುತ್ತೇನೆ, ನಂಬುವುದಿಲ್ಲ.

ಅಕ್ಕ